ಹಳೇ ಜೀಪಿಗೆ ಹೀಟ್ ಮೀಟರ್, ಆಯಿಲ್ ಮೀಟರ್: ವೈರಿನದಾ, ಪೈಪಿನದಾ?

ತೋಟದ ಜೀಪು (ಮೂಡಿಗೆರೆ):
ನನ್ನದು 1994ರ ಮಹೀಂದ್ರಾ ಎಂಎಂ 540, 2112 ಸಿಸಿ ಪ್ಯೂಜೊ ಡೀಸೆಲ್ ಎಂಜಿನ್. ಹೋದ ತಿಂಗಳು ಉಜಿರೆಯಿಂದ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ರೇಡಿಯೇಟರಿನ ಕೆಳಗಿನ ಹೋಸ್ ಪೈಪು ಒಡೆಯಿತು. ನನಗೆ ಗೊತ್ತೇ ಆಗಲಿಲ್ಲ. ಹೀಟ್ ಮೀಟರಿನ ಮುಳ್ಳು ಮುಕ್ಕಾಲಿಗೆ ಹೋಗಿ, ಆಮೇಲೆ ತಾನೇ ಕೆಳಗಿಳಿಯಿತು. ಸದ್ಯ, ತಣ್ಣಗಾಯಿತು ಅಂದುಕೊಂಡು ಇನ್ನೂ ನಾಲ್ಕು ತಿರುವು ಹತ್ತಿಸಿದೆ. ಹೆಡ್ ಗ್ಯಾಸ್ಕೆಟ್ ಹೋಯಿತು, ಹೆಡ್ ಬೆಂಡ್ ಬೇರೆ. ಈಗ ಎಲ್ಲ ರಿಪೇರಿ ಆಗಿದೆ. ಅಂಗಡಿಯಲ್ಲಿ ಬೇರೆಯಾಗಿ ಸಿಗುವ ಹೀಟ್ ಮೀಟರ್, ಆಯಿಲ್ ಪ್ರೆಶರ್ ಮೀಟರ್ ಎರಡೂ ಹಾಕಿಸಬೇಕು ಅಂತಿದ್ದೇನೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ತರಹ ತೋರಿಸಿದರು. ಒಂದು ವೈರಿನದು (ಎಂಜಿನ್ನಿಗೆ ಸೆನ್ಸರ್, ಅಲ್ಲಿಂದ ಮೀಟರಿಗೆ ವೈರ್), ಒಂದು ಪೈಪಿನದು. ಯಾವುದು ಒಳ್ಳೆಯದು?

ಹಳೇ ಗ್ಯಾರೇಜು:
ಕಣ್ಣು ಮುಚ್ಚಿಕೊಂಡು ಪೈಪಿನದು ತಗೊಳ್ಳಿ. ಆಯಿಲ್ ನೇರವಾಗಿ ಮೀಟರಿಗೆ ಬರುತ್ತದೆ, ಒಳಗಿನ ಬಾಗಿದ ಕೊಳವೆಯನ್ನು ತಳ್ಳುತ್ತದೆ, ಮುಳ್ಳು ತಿರುಗುತ್ತದೆ. ಬ್ಯಾಟರಿ ಸತ್ತರೂ ಸುಳ್ಳು ಹೇಳಲ್ಲ. ಎಂಜಿನ್ನಿನ ಪ್ರತಿ ಸಾವಿರ ಆರ್‌ಪಿಎಂಗೆ (ನಿಮಿಷಕ್ಕೆ ಸಾವಿರ ಸುತ್ತು) ಆಯಿಲ್ ಪ್ರೆಶರ್ 10 ಪಿಎಸ್‌ಐ ಇದ್ದರೆ ಸಾಕು ಅನ್ನೋದು ನಮ್ಮ ಹಳೇ ಲೆಕ್ಕ. ವೈರಿನದೇ ಬೇಕು ಅಂದರೆ ನಿಮ್ಮಿಷ್ಟ. ಸೆನ್ಸರಿಗೆ ಮೂರು ಸುತ್ತು ಟೆಫ್ಲಾನ್ ಟೇಪ್ ಸುತ್ತಿ ಹಾಕಿ, ಲೀಕ್ ಬರಲ್ಲ.

ವೈರ್‌ಮನ್ ತುಮಕೂರು:
ಟೇಪಾ? ಗುರುವೇ, ಒಂದೇ ವೈರಿನ ಸೆನ್ಸರಿಗೆ ಅರ್ಥ್, ಅಂದರೆ ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ, ಎಲ್ಲಿಂದ ಬರುತ್ತದೆ? ಅದರ ಥ್ರೆಡ್ಡಿನಿಂದಲೇ ಎಂಜಿನ್ ಬಾಡಿಗೆ. ಅಲ್ಲಿ ಪ್ಲಾಸ್ಟಿಕ್ ಟೇಪ್ ಸುತ್ತಿದರೆ ಅರ್ಥ್ ಕಟ್. ಆಮೇಲೆ "ವೈರಿನ ಮೀಟರ್ ಸುಳ್ಳು ಹೇಳುತ್ತೆ" ಅಂತ ಅದನ್ನೇ ಬೈಯೋದು!

ಹಳೇ ಗ್ಯಾರೇಜು:
ಮೂವತ್ತು ವರ್ಷದಿಂದ ಟೇಪ್ ಸುತ್ತಿಯೇ ಹಾಕುತ್ತಿದ್ದೇನೆ. ಒಂದು ಗಾಡಿಯೂ ವಾಪಸ್ ಬಂದಿಲ್ಲ.

ವೈರ್‌ಮನ್ ತುಮಕೂರು:
ವಾಪಸ್ ಬಂದಿಲ್ಲ ಅಂದರೆ ಬೇರೆ ಗ್ಯಾರೇಜಿಗೆ ಹೋಗಿವೆ ಅಂತ ಅರ್ಥ.

ಘಾಟಿ ಸವಾರ:
ಪೈಪಿನದು ಅಂತ ಸುಲಭವಾಗಿ ಹೇಳಿಬಿಟ್ಟರಲ್ಲ. ನನ್ನ ಹಳೇ ಜೀಪಿನಲ್ಲಿ ಡ್ಯಾಶ್‌ಬೋರ್ಡ್ ಹಿಂದೆ ನೈಲಾನ್ ಪೈಪು ಗಡುಸಾಗಿ ಸೀಳಿತು. ಆಗುಂಬೆ ಇಳಿಯುತ್ತಿದ್ದೆ. ಕುದಿಯೋ ಆಯಿಲ್ ಬಲಗಾಲಿನ ಮೇಲೆ. ಚಪ್ಪಲಿ ಜಾರಿ ಬ್ರೇಕ್ ಮೇಲೆ ಕಾಲೇ ನಿಲ್ಲಲಿಲ್ಲ. ಇವತ್ತಿಗೂ ಮೊಣಕಾಲಿನ ಕೆಳಗೆ ಕಲೆ ಇದೆ. ಎಂಜಿನ್ ಆಯಿಲನ್ನು ಸೀಟಿನ ತನಕ ತರೋದು ಯಾವ ಬುದ್ಧಿವಂತಿಕೆ?

ಹಳೇ ಗ್ಯಾರೇಜು:
ನೈಲಾನ್ ಹಾಕಿದ್ದು ನಿಮ್ಮ ತಪ್ಪು. ತಾಮ್ರದ ಪೈಪು ಹಾಕಿ, ಎಂಜಿನ್ ಹತ್ತಿರ ಎರಡು ಸುತ್ತು ಸ್ಪ್ರಿಂಗ್ ತರಹ ಸುತ್ತಿಬಿಡಬೇಕು. ಅದುರೋದನ್ನು ಆ ಸುತ್ತು ತಡೆದುಕೊಳ್ಳುತ್ತದೆ.

ವೈರ್‌ಮನ್ ತುಮಕೂರು:
ತಾಮ್ರವನ್ನು ಸುತ್ತಿ, ಸೆನ್ಸರಿಗೂ ಸುತ್ತಿ. ಸುತ್ತೋದರಲ್ಲೇ ಇದ್ದೀರಿ.

ಬಿ.ಇ. ಮೆಕ್ಯಾನಿಕಲ್:
ಇಬ್ಬರೂ ಸ್ವಲ್ಪ ಕೇಳಿ. ಈ ಸೆನ್ಸರುಗಳ ಥ್ರೆಡ್ ಸಾಮಾನ್ಯವಾಗಿ ಟೇಪರ್, ಅಂದರೆ ತುದಿಯ ಕಡೆಗೆ ಸಣ್ಣದಾಗುತ್ತಾ ಹೋಗುತ್ತದೆ. ಬಿಗಿ ಮಾಡಿದಾಗ ಲೋಹದ ಅಂಚು ಟೇಪನ್ನು ಕತ್ತರಿಸಿಕೊಂಡು ಹೋಗಿ ಲೋಹಕ್ಕೆ ತಾಗುತ್ತದೆ. ಹಾಗಾಗಿ ತೆಳುವಾಗಿ ಸುತ್ತಿದರೆ ಅರ್ಥ್ ಬರುತ್ತದೆ. ದಪ್ಪಗೆ ಸುತ್ತಿದರೆ ಕೈಕೊಡಬಹುದು.

ಹಳೇ ಗ್ಯಾರೇಜು:
"ಅರ್ಥ್ ಬರುತ್ತದೆ." ಓದಿಕೊಳ್ಳಿ ತುಮಕೂರು. ಇಂಜಿನಿಯರೇ ಹೇಳಿದರು.

ವೈರ್‌ಮನ್ ತುಮಕೂರು:
"ಕೈಕೊಡಬಹುದು." ಇದನ್ನೂ ಅವರೇ ಹೇಳಿದ್ದು. ಅದು ಬಿಡಿ, ಟೇಪರ್ ಅಂದರಲ್ಲ, ಯಾವ ಟೇಪರ್? 1/8 ಎನ್‌ಪಿಟಿಗೆ (ಅಮೆರಿಕದ ಅಳತೆ) ಇಂಚಿಗೆ 27 ಥ್ರೆಡ್. 1/8 ಬಿಎಸ್‌ಪಿಗೆ (ಬ್ರಿಟಿಷ್ ಅಳತೆ) 28. ಒಂದರ ತೂತಿಗೆ ಇನ್ನೊಂದನ್ನು ಹಾಕಿದರೆ ಎರಡು ಸುತ್ತು ಕೈಯಲ್ಲೇ ಹೋಗುತ್ತದೆ, ಮೂರನೇದಕ್ಕೆ ಹಿಡಿಯುತ್ತದೆ. ಗ್ಯಾರೇಜಿನವರು ಸ್ಪ್ಯಾನರ್ ಹಾಕಿ ಒತ್ತುತ್ತಾರೆ, ಬ್ಲಾಕಿನ ಥ್ರೆಡ್ ಢಮಾರ್. ಲೀಕ್ ಬಂದಾಗ "ಇನ್ನೊಂದು ಸುತ್ತು ಟೇಪ್ ಹಾಕು".

ಹಳೇ ಗ್ಯಾರೇಜು:
ನನ್ನ ಗ್ಯಾರೇಜಿಗೆ ಯಾವತ್ತಾದರೂ ಬಂದಿದ್ದೀರಾ? ಸುಮ್ನೆ ಬಾಯಿಗೆ ಬಂದ ಹಾಗೆ ಬರೆಯಬೇಡಿ.

ಸುಳ್ಯ ಡ್ರೈವರ್:
ಟೇಪ್ ಆಮೇಲೆ ಸುತ್ತಿ ಮಾರಾಯ್ರೆ. ಅವರು ಮೊದಲು ಬರೆದದ್ದನ್ನು ಓದಿದಿರಾ? ಮುಳ್ಳು ಕೆಳಗೆ ಇಳಿಯಿತು ಅಂದಿದ್ದಾರೆ. ನೀರೆಲ್ಲ ಸೋರಿ ಹೋದ ಮೇಲೆ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತಿರುತ್ತದೆ. ಅದು ನೀರಿನ ಬಿಸಿ ಅಳೆಯೋದು, ಎಂಜಿನ್ನಿದ್ದಲ್ಲ. ಹೊಸ ಮೀಟರ್ ಹಾಕಿದರೂ, ವೈರಿನದಾಗಲಿ ಪೈಪಿನದಾಗಲಿ, ಮುಂದಿನ ಸಲವೂ ಹಾಗೇ ಇಳಿಯುತ್ತದೆ. ನಾನು ಸಂಪಾಜೆ ಘಾಟಿಯಲ್ಲಿ ಇದೇ ಪಾಠ ಕಲಿತದ್ದು. ಬೇಕಾದದ್ದು ನೀರಿನ ಲೆವೆಲ್ ಅಲಾರಂ.

ಘಾಟಿ ಸವಾರ:
"ಪೈಪಿನದಾಗಲಿ" ಅಂದರೆ ಏನು? ಎರಡೂ ಒಂದೇನಾ? ನನ್ನ ಕಾಲು ಸುಟ್ಟಿದ್ದು ಸುಳ್ಳಾ?

ಬಿ.ಇ. ಮೆಕ್ಯಾನಿಕಲ್:
ಮೀಟರಿಗೂ ಸೆನ್ಸರಿಗೂ ಜೋಡಿ ಹೊಂದಬೇಕು ಅನ್ನೋದನ್ನು ಯಾರೂ ಹೇಳಲಿಲ್ಲ. ಕೆಲವು ಆಯಿಲ್ ಸೆನ್ಸರ್ 10ರಿಂದ 180 ಓಮ್, ಕೆಲವು 240ರಿಂದ 33. ಅದಲುಬದಲಾದರೆ ಪ್ರೆಶರ್ ಏರಿದಾಗ ಮುಳ್ಳು ಇಳಿಯುತ್ತದೆ. ಹೀಟ್ ಸೆನ್ಸರನ್ನು ಹಾಕುವ ಮೊದಲು ಕುದಿಯೋ ನೀರಲ್ಲಿ ಅದ್ದಿ ನೋಡಿ.

ತೋಟದ ಜೀಪು (ಮೂಡಿಗೆರೆ):
ವೈರಿನದೇ ತಂದೆ. ಕಾಲು ಸುಟ್ಟ ಕಥೆ ಓದಿ ಹೆದರಿಕೆ ಆಯಿತು. ಕುದಿಯೋ ನೀರಲ್ಲಿ ಅದ್ದಿಯೂ ನೋಡಿದೆ. ಹಳೇ ಟೀ ಪಾತ್ರೆಯಲ್ಲಿ ನೀರಿಟ್ಟು, ಸೆನ್ಸರನ್ನು ತಂತಿಯಲ್ಲಿ ಇಳಿಬಿಟ್ಟು, ಅದರ ಬಾಡಿಯಿಂದ ಬ್ಯಾಟರಿ ಮೈನಸ್‌ಗೆ ಇನ್ನೊಂದು ವೈರ್. ನೀರು ತಳಮಳ ಕುದಿಯುವಾಗ ಮುಳ್ಳು 97ರ ಹತ್ತಿರ ನಿಂತಿತು. 100 ಮುಟ್ಟಲೇ ಇಲ್ಲ. ಮೀಟರ್ ಡೂಪ್ಲಿಕೇಟಾ? ವಾಪಸ್ ಕೊಡಲಾ?

ಹಳೇ ಗ್ಯಾರೇಜು:
ನೋಡಿದಿರಾ? ಹೊಸ ಡಬ್ಬ ಬಿಚ್ಚಿದ ದಿನವೇ ಮೂರು ಡಿಗ್ರಿ ಸುಳ್ಳು. ಪೈಪಿನದು ತಗೊಳ್ಳಿ ಅಂದೆ.

ಬಿ.ಇ. ಮೆಕ್ಯಾನಿಕಲ್:
ಮೀಟರ್ ಸರಿಯಾಗಿದೆ ಸರ್. ಮೂಡಿಗೆರೆ ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಎತ್ತರ. ಅಲ್ಲಿ ತೆರೆದ ಪಾತ್ರೆಯಲ್ಲಿ ನೀರು ಕುದಿಯೋದೇ 97ರ ಆಸುಪಾಸು. ಬೆಂಗಳೂರಲ್ಲೂ ಅಷ್ಟೇ. ಮಂಗಳೂರಲ್ಲಿ ಮಾಡಿದರೆ 100 ತೋರಿಸುತ್ತಿತ್ತು.

ಹಳೇ ಗ್ಯಾರೇಜು:
ಹಾಗಾದರೆ ಘಾಟಿ ಹತ್ತಿದ ಹಾಗೆ ಎಂಜಿನ್ 97ಕ್ಕೇ ಕುದಿಯಬೇಕಲ್ಲ? ಪುಸ್ತಕದ ಬದನೆಕಾಯಿ.

ಬಿ.ಇ. ಮೆಕ್ಯಾನಿಕಲ್:
ರೇಡಿಯೇಟರಿಗೆ ಪ್ರೆಶರ್ ಕ್ಯಾಪ್ ಯಾಕಿದೆ ಅಂದುಕೊಂಡಿರಿ? 0.9 ಬಾರ್ ಕ್ಯಾಪ್ ಇದ್ದರೆ ಬರೀ ನೀರೂ 115 ದಾಟುವ ತನಕ ಕುದಿಯಲ್ಲ. ಕುಕ್ಕರ್ ಲೆಕ್ಕವೇ.

ವೈರ್‌ಮನ್ ತುಮಕೂರು:
ತೋಟದವರೇ, ಒಂದು ಮಾತು ಗಮನಿಸಿದಿರಾ? ನೀವೇ ಬಾಡಿಯಿಂದ ಇನ್ನೊಂದು ವೈರ್ ಎಳೆದಿದ್ದೀರಿ. ಅದೇ ಅರ್ಥ್! ಅದಿಲ್ಲದೆ ಮುಳ್ಳು ಅಲುಗಾಡಿತ್ತಾ? ಇಲ್ಲ ಅಲ್ವಾ?

ತೋಟದ ಜೀಪು (ಮೂಡಿಗೆರೆ):
ಇಲ್ಲ, ಅದು ಬಿಚ್ಚಿದರೆ ಮುಳ್ಳು ಕೆಳಗೇ.

ವೈರ್‌ಮನ್ ತುಮಕೂರು:
ಮುಗಿಯಿತು. ಕೇಸ್ ಕ್ಲೋಸ್.

ಹಳೇ ಗ್ಯಾರೇಜು:
ಏನು ಮುಗಿಯಿತು? ಪಾತ್ರೆಯೊಳಗೆ ಎಂಜಿನ್ ಬ್ಲಾಕ್ ಇತ್ತಾ? ಬ್ಲಾಕಿಗೆ ಹಾಕಿ ತೋರಿಸಿ.

ತೋಟದ ಜೀಪು (ಮೂಡಿಗೆರೆ):
ನಿಮ್ಮಿಬ್ಬರ ಜಗಳ ನೋಡಲಾರದೆ ನಿನ್ನೆ ಅದನ್ನೂ ಮಾಡಿದೆ. ಆಯಿಲ್ ಸೆನ್ಸರಿಗೆ ಎರಡು ಸುತ್ತು ಟೇಪ್, ತುದಿಯ ಒಂದು ಥ್ರೆಡ್ ಬಿಟ್ಟು. ಮಲ್ಟಿಮೀಟರಿನಲ್ಲಿ ಸೆನ್ಸರ್ ಬಾಡಿಯಿಂದ ಬ್ಯಾಟರಿ ಮೈನಸ್‌ಗೆ ಅರ್ಧ ಓಮ್ ಕೂಡ ಇಲ್ಲ. ಬಿಚ್ಚಿ ಐದು ಸುತ್ತು ಹಾಕಿದೆ. ಅಂಕಿ ಒಂದು ಕಡೆ ನಿಲ್ಲಲಿಲ್ಲ. ಸ್ಪ್ಯಾನರಿನಲ್ಲಿ ಸ್ವಲ್ಪ ತಿರುಗಿಸಿದರೆ ಇಳಿಯುತ್ತದೆ, ಮತ್ತೆ ಏರುತ್ತದೆ.

ಹಳೇ ಗ್ಯಾರೇಜು:
ಎರಡು ಸುತ್ತಿಗೆ ಪಾಸ್. ನಾನು ಹೇಳಿದ್ದೇ ಅದು.

ವೈರ್‌ಮನ್ ತುಮಕೂರು:
ನೀವು ಹೇಳಿದ್ದು ಮೂರು. ಮೇಲೆ ಹೋಗಿ ಓದಿ.

ಹಳೇ ಗ್ಯಾರೇಜು:
ಎರಡು, ಮೂರು. ಕೈ ಅಳತೆ ಗೊತ್ತಿದ್ದವನಿಗೆ ಎಲ್ಲ ಒಂದೇ.

ಸುಳ್ಯ ಡ್ರೈವರ್:
ನೀರಿನ ಅಲಾರಂ ವಿಷಯ ಯಾರಿಗಾದರೂ ಕಂಡಿತಾ? ಇಲ್ಲ, ನಾನು ಗೋಡೆಗೆ ಮಾತಾಡುತ್ತಿದ್ದೇನಾ?

ತೋಟದ ಜೀಪು (ಮೂಡಿಗೆರೆ):
ಕಂಡಿತು ಸರ್. ಸ್ವಲ್ಪ ತಡವಾಯಿತು. ರೇಡಿಯೇಟರಿನ ಮೇಲಿನ ಟ್ಯಾಂಕಿಗೆ ಕಡ್ಡಿ ತರಹದ ಸೆನ್ಸರ್ ಬೆಸುಗೆ ಹಾಕಿಸಿದೆ. ನೀರು ಕಡ್ಡಿಯಿಂದ ಕೆಳಗಿಳಿದರೆ ಡ್ಯಾಶ್‌ಬೋರ್ಡಿನಲ್ಲಿ ಬಜರ್. ಡ್ರೈನ್ ಬಿಚ್ಚಿ ನೀರು ಇಳಿಸಿ ನೋಡಿದೆ. ಎರಡು ಲೀಟರ್ ಇಳಿಯುವಷ್ಟರಲ್ಲಿ ಕೂಗಿಕೊಂಡಿತು. ಮನೆಯ ನಾಯಿ ಎದ್ದು ಓಡಿತು. ಹೀಟ್ ಮೀಟರ್, ಆಯಿಲ್ ಮೀಟರ್ ಎರಡೂ ಕೂತಿವೆ, ಇಗ್ನಿಷನ್ ಲೈನಿಂದ ಫ್ಯೂಸ್ ಹಾಕಿ ಕರೆಂಟ್ ಕೊಟ್ಟಿದ್ದೇನೆ. ನಾಳೆ ಉಜಿರೆಗೆ ಹೋಗಿ ಬರುತ್ತೇನೆ.

ಘಾಟಿ ಸವಾರ:
ಒಳ್ಳೆಯದು. ಪೈಪಿನದು ಹಾಕದೆ ಕಾಲು ಉಳಿಸಿಕೊಂಡಿರಿ.

ಹಳೇ ಗ್ಯಾರೇಜು:
ಆ ಕಡ್ಡಿಗೆ ಟೇಪ್ ಸುತ್ತಿದಿರಾ?

ವೈರ್‌ಮನ್ ತುಮಕೂರು:
ಅಯ್ಯೋ ದೇವರೇ. ಅದರಲ್ಲಿ ನೀರೇ ಅರ್ಥ್ ಕಣ್ರೀ.