ಸ್ಯಾಂಡಿ ಹುಕ್ ಬೀಚಲ್ಲಿ ಹರಿವೆ ಥರದ ಗಿಡ, ಯಾವುದಿದು?

ಜೆರ್ಸಿಕನ್ನಡತಿ:
ನಾವು ನ್ಯೂಜೆರ್ಸಿಲಿರೋದು. ಆಗಸ್ಟಲ್ಲಿ ಸ್ಯಾಂಡಿ ಹುಕ್‌ಗೆ ಹೋದಾಗ ಮರಳುದಿಬ್ಬದ ಮುಂದೆ ಹಗ್ಗ ಕಟ್ಟಿರೋ ಜಾಗದಲ್ಲಿ ಒಂದು ಗಿಡ ಕಾಣಿಸ್ತು, ಕಾಂಡ ದಂಟಿನ ಸೊಪ್ಪಿನ ಥರಾನೇ ಕೆಂಪು, ಆದ್ರೆ ನೆಲಕ್ಕೆ ಅಂಟ್ಕೊಂಡು ಹರಡಿತ್ತು, ಎಲೆ ಪುಟ್ಟದು, ದಪ್ಪ, ಗುಂಡಗೆ, ತುದೀಲಿ ಸಣ್ಣ ಕಚ್ಚು. ಅಮ್ಮ ನೋಡಿದ ತಕ್ಷಣ ಹರಿವೆ ಜಾತಿನೇ ಅಂದ್ರು. ಹೌದಾ? ಬೀಜ ತಂದು ಕುಂಡದಲ್ಲಿ ಹಾಕ್ಬಹುದಾ?

ಗಿಡಮರ:
ಅಮ್ಮನ ಕಣ್ಣು ಭಾಳ ಚುರುಕು! ಅದು ಸೀಬೀಚ್ ಅಮರಾಂತ್, ಅಮರಾಂತಸ್ ಪ್ಯುಮಿಲಸ್, ನಮ್ಮ ಹರಿವೆ ದಂಟಿನ ಕುಲದ್ದೇ. ಆದ್ರೆ ಬೀಜ ದಯವಿಟ್ಟು ಮುಟ್ಬೇಡಿ, 1993ರಿಂದ ಅಮೆರಿಕದ ಫೆಡರಲ್ ಕಾನೂನಿನ ರಕ್ಷಣೆ ಇರೋ ಗಿಡ ಅದು, ಸ್ಯಾಂಡಿ ಹುಕ್ ಫೆಡರಲ್ ಜಾಗ ಬೇರೆ. ನಿಮ್ಮ ರಾಜ್ಯದಲ್ಲಿ 1913ರ ಮೇಲೆ ಕಾಣೆಯಾಗಿದ್ದು ಮತ್ತೆ ಸಿಕ್ಕಿದ್ದು 2000ದಲ್ಲಿ, ಅಂಥದ್ದನ್ನ ನೀವು ಕಣ್ಣಾರೆ ನೋಡಿದೀರಿ ಅಂದ್ರೆ ನಂಗೆ ಹೊಟ್ಟೆಕಿಚ್ಚೇ ಆಗ್ತಿದೆ. ಒಂದೇ ವರ್ಷದ ಗಿಡ, ಬೇಸಿಗೇಲಿ ಹುಟ್ಟಿ ಚಳಿಗಾಲಕ್ಕೆ ಸಾಯುತ್ತೆ, ಬೀಜ ಕಟ್ಟೋಕೆ ಮುಂಚೆ ಗಾಡಿ ಹತ್ತಿದ್ರೆ ಅಥವಾ ಬೀಚ್ ಬಾಚೋ ಯಂತ್ರ ಹಾದ್ರೆ ಆ ಗಿಡದಿಂದ ಮುಂದಿನ ವರ್ಷಕ್ಕೆ ಏನೂ ಉಳಿಯಲ್ಲ.

ಕಡಲತೀರ:
ಅಲೆ ಬಡಿಯೋ ಜಾಗ ಬಿಟ್ಟು ಹಿಂದೆ ಹುಲ್ಲು ಬೆಳೆದಿರೋ ದಿಬ್ಬದ ಮೇಲೆ ಬೆಳೀಬಹುದಲ್ವಾ, ಅಲ್ಲಿ ಸೇಫ್ ತಾನೇ?

ಗಿಡಮರ:
ಅದೇ ಆಗಲ್ಲ ನೋಡಿ. ಹುಲ್ಲು ಬಂದು ಮರಳು ಗಟ್ಟಿಯಾದ ಕಡೆ ಇದು ಪೈಪೋಟಿ ಮಾಡಲಾರದು, ಬಿರುಗಾಳಿ ತೊಳೆದಿಟ್ಟ ಬೋಳು ಮರಳೇ ಬೇಕು. ಬೇಸಿಗೇಲೇ ದೊಡ್ಡ ಬಿರುಗಾಳಿ ಬಂದ್ರೆ ಗಿಡ ಕೊಚ್ಕೊಂಡು ಹೋಗುತ್ತೆ ನಿಜ, ಆದ್ರೆ ಹೊಸ ಜಾಗ ಮಾಡ್ಕೊಡೋದೂ ಅದೇ ಬಿರುಗಾಳಿ. ಬೀಜ ಸುಮಾರು 2.5 ಮಿಲಿಮೀಟರ್, ನಾವು ಬಿತ್ತೋ ಹರಿವೆ ಬೀಜದ ಎರಡರಷ್ಟು, ಅದರ ಸುತ್ತ ಇರೋ ಸಿಪ್ಪೆಯೊಳಗೆ ಗಾಳಿ ತುಂಬಿರೋದ್ರಿಂದ ನೀರಲ್ಲಿ ತೇಲ್ಕೊಂಡು ಇನ್ನೊಂದು ದಡ ಸೇರುತ್ತೆ. ಅದಕ್ಕೇ ಹೋದ ವರ್ಷ ಇದ್ದ ಕಡೆ ಈ ವರ್ಷ ಇರ್ಲೇಬೇಕು ಅಂತಿಲ್ಲ. ತಡೆಗೋಡೆ ಕಟ್ಟಿ ಮರಳಿನ ಓಡಾಟ ನಿಲ್ಲಿಸಿಬಿಟ್ರೆ ಈ ಗಿಡಕ್ಕೆ ನೆಲೆಯೇ ಇರಲ್ಲ, ನನ್ನ ಪ್ರಕಾರ ಗಾಡಿಗಿಂತ ಇದೇ ದೊಡ್ಡ ಪೆಟ್ಟು.

ಜೆರ್ಸಿಕನ್ನಡತಿ:
ಅಯ್ಯೋ ಇಷ್ಟೆಲ್ಲಾ ಇದೆ ಅಂತ ಗೊತ್ತೇ ಇರ್ಲಿಲ್ಲ, ಥ್ಯಾಂಕ್ಸ್. ಬೀಜದ ಯೋಚನೆ ಬಿಟ್ಟೆ. ಹಗ್ಗದ ಹೊರಗೆ ಎಲ್ಲಾದ್ರೂ ಕಂಡ್ರೆ ಏನ್ ಮಾಡ್ಲಿ?

ಗಿಡಮರ:
ಹತ್ರ ತುಳೀದೆ ಫೋಟೋ ತೆಗೀರಿ, ಫೋನಲ್ಲಿ ಲೊಕೇಶನ್ ಆನ್ ಇರ್ಲಿ, ಅಲ್ಲಿನ ರೇಂಜರ್‌ಗೆ ಅವತ್ತೇ ತೋರಿಸಿ.