ಫ್ಲಟರ್ ಆ್ಯಪಲ್ಲಿ ಆಫ್‌ಲೈನ್ ಮ್ಯಾಪ್ ಬೇಕು, ಊರ ಹೆಸ್ರು ಕನ್ನಡದಲ್ಲಿ ಸರಿಯಾಗಿ ಬರ್ಬೇಕು, ಯಾವ ಲೈಬ್ರರಿ?

ಕಲ್ಲು_ಹುಡುಕೋರು:

ಎಲ್ರಿಗೂ ನಮಸ್ಕಾರ. ನಾವು ನಾಲ್ಕೈದು ಜನ ಶಿವಮೊಗ್ಗ ಜಿಲ್ಲೆಯಲ್ಲಿ ವೀರಗಲ್ಲು, ಮಾಸ್ತಿಕಲ್ಲು, ಶಾಸನ ಹುಡ್ಕೊಂಡು ತಿರುಗೋರು. ಎಪಿಗ್ರಾಫಿಯಾ ಕರ್ನಾಟಿಕಾದ (ಬಿ. ಎಲ್. ರೈಸ್ ಮಾಡಿದ ಹಳೇ ಶಾಸನ ಸಂಗ್ರಹ) ಏಳು ಮತ್ತೆ ಎಂಟನೇ ಸಂಪುಟ ಇಟ್ಕೊಂಡು, ರೈಸ್ ಯಾವ ಊರು ಅಂತ ಬರ್ದಿದಾರೋ ಅಲ್ಲಿಗೆ ಹೋಗಿ, ಕಲ್ಲು ಇನ್ನೂ ಇದ್ಯಾ, ಇದ್ರೆ ಎಲ್ಲಿದೆ, ದೇವಸ್ಥಾನದ ಹಿಂದೆನಾ, ಗದ್ದೆ ಬದು ಮೇಲಾ ಅಂತ ನೋಡಿ ಫೋಟೋ ತೆಗ್ದು ಜಿಪಿಎಸ್ ಹಾಕ್ಕೋತೀವಿ. ಎಲ್ಲ ಶೀಟಲ್ಲಿದೆ, ಸಾವಿರದ ಮೇಲೆ ಪಾಯಿಂಟ್ ಆಗಿದೆ, ಇದನ್ನ ಒಂದು ಆ್ಯಪ್ ಮಾಡೋಣ ಅಂತ ಫ್ಲಟರ್ (ಒಂದೇ ಕೋಡಿಂದ ಎರಡೂ ಥರದ ಫೋನಿಗೆ ಆ್ಯಪ್ ಮಾಡೋ ಟೂಲ್) ಶುರು ಮಾಡಿದೀನಿ, ಯಾಕಂದ್ರೆ ನಮ್ಮಲ್ಲಿ ಇಬ್ರ ಹತ್ರ ಐಫೋನ್ ಇದೆ ಮಿಕ್ಕವರದ್ದು ಆಂಡ್ರಾಯ್ಡ್, ಎರಡು ಸಲ ಬರೆಯೋ ಪುರುಸೊತ್ತು ಯಾರಿಗೂ ಇಲ್ಲ.

ಬೇಕಾಗಿರೋದು ಏನಪ್ಪಾ ಅಂದ್ರೆ ನೆಟ್ ಇಲ್ದೆ ಮ್ಯಾಪ್ ಓಡ್ಬೇಕು (ಹೊಸನಗರ, ಸಾಗರ ಒಳಗಡೆ ಹೋದ್ರೆ ಸಿಗ್ನಲ್ ಬಗ್ಗೆ ಹೇಳೋದೇ ಬೇಡ), ಪಾಯಿಂಟ್ ಮುಟ್ಟಿದ್ರೆ ಫೋಟೋ, ಶಾಸನದ ನಂಬರ್ ಬರ್ಬೇಕು, ಊರ ಹೆಸ್ರು ಕನ್ನಡದಲ್ಲಿರ್ಬೇಕು. ಮ್ಯಾಪ್‌ಲಿಬ್ರೆ (ಆ್ಯಪೊಳಗೆ ಮ್ಯಾಪ್ ಬಿಡಿಸೋ ಓಪನ್ ಸೋರ್ಸ್ ಲೈಬ್ರರಿ) ಹಾಕಿ ಅದರ ಸ್ಟೈಲಲ್ಲಿ, ಅಂದ್ರೆ ಏನು ಹೇಗೆ ಕಾಣ್ಬೇಕು ಅನ್ನೋ ಫೈಲಲ್ಲಿ, ಕನ್ನಡ ಹೆಸರಿನ ಫೀಲ್ಡ್ ಕೊಟ್ಟು ನೋಡ್ದೆ, ಕನ್ನಡ ಬಂತು, ಆದ್ರೆ ಒತ್ತಕ್ಷರ ಎಲ್ಲ ಹರ್ದು ಹಂಚಿಹೋಗಿದೆ. ತೀರ್ಥಹಳ್ಳಿ, ಚಿಕ್ಕಜೇನಿ ಓದೋಕೇ ಆಗಲ್ಲ, ಒತ್ತು ಕೆಳಗೆ ಕೂರೋ ಬದ್ಲು ಪಕ್ಕದಲ್ಲಿ ನಿಂತಿದೆ. ಫಾಂಟ್ ಬದಲಾಯಿಸಿದ್ರೂ ಹಂಗೇ. ಗೂಗಲ್ ಮ್ಯಾಪ್ಸ್ ಪ್ಲಗಿನ್‌ಗೇ ಹೋಗ್ಬೇಕಾ? ಸಲಹೆ ಕೊಡಿ.

ಹುಬ್ಳಿ_ಕಂಪೈಲರ್:

ಸರ, ಆಫ್‌ಲೈನ್ ಬೇಕಂದ್ರ ಗೂಗಲ್ ಪ್ಲಗಿನ್ ವಿಚಾರ ಬಿಟ್ಟುಬಿಡ್ರಿ. ಗೂಗಲ್ ಮೊಬೈಲ್ ಎಸ್‌ಡಿಕೆ (ಆ್ಯಪ್ ಬರೆಯೋರಿಗೆ ಕೊಡೋ ಕಿಟ್) ಒಳಗ ಸಾದಾ ಮ್ಯಾಪ್ ತೋರ್ಸಾಕ ರೊಕ್ಕ ಕೊಡಬೇಕಾಗಿಲ್ಲ ಖರೆ, ಪ್ಲೇಸಸ್, ಡೈರೆಕ್ಷನ್ಸ್, ಜಿಯೋಕೋಡಿಂಗ್ (ಜಾಗ ಹುಡುಕೋದು, ದಾರಿ, ವಿಳಾಸದಿಂದ ಜಿಪಿಎಸ್) ಮುಟ್ಟಿದ್ರ ಮೀಟರ್ ಓಡ್ತದ. ಆದ್ರ ಟೈಲ್ (ಮ್ಯಾಪಿನ ಚೌಕ ತುಂಡು) ಇಳಿಸಿ ಇಟ್ಕೊಳ್ಳಾಕ ಅವ್ರ ನಿಯಮ ಒಪ್ಪೂದಿಲ್ಲ. ಗೂಗಲ್ ಮ್ಯಾಪ್ಸ್ ಆ್ಯಪಿನ್ಯಾಗ ಆಫ್‌ಲೈನ್ ಏರಿಯಾ ಇಳಿಸ್ತೀವಲ್ಲ ಅಂತೀರೇನು, ಅದು ಅವ್ರ ಸ್ವಂತ ಆ್ಯಪಿಗೆ, ನಮ್ಮ ಆ್ಯಪಿಗೆ ಆ ಬಾಗ್ಲ ತೆರೆದಿಲ್ಲ.

ಇನ್ನೊಂದು, ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ಮಾಡಿದ ಮುಕ್ತ ಮ್ಯಾಪ್) ಟೈಲ್ ಸರ್ವರ್ ಯುಆರ್‌ಎಲ್ ಹಾಕಿ ಇಡೀ ಜಿಲ್ಲೆ ಇಳಿಸೋಣು ಅನ್ನೋ ವಿಚಾರ ಇದ್ರ ಅದನ್ನೂ ಮಾಡಬ್ಯಾಡ್ರಿ, ಬಲ್ಕ್ ಡೌನ್‌ಲೋಡ್ ಅವ್ರ ಟೈಲ್ ಪಾಲಿಸಿಯೊಳಗ ನಿಷೇಧ ಅದ, ಬ್ಲಾಕ್ ಮಾಡ್ತಾರ. ಅದು ದೇಣಿಗೆ ಮ್ಯಾಲೆ ನಡೆಯೋ ಸರ್ವರ್ ರೀ. ಡೇಟಾ ಫ್ರೀ, ಸರ್ವರ್ ಫ್ರೀ ಅಲ್ಲ, ಭಾಳ ಮಂದಿಗೆ ಈ ಫರಕ್ ಗೊತ್ತಿಲ್ಲ.

ನೀವು ಮಾಡಬೇಕಾದ್ದು ಪಿಎಂಟೈಲ್ಸ್, ಎಲ್ಲಾ ಟೈಲ್ ಒಂದ ಫೈಲಿನ್ಯಾಗ ಇಡೋ ಫಾರ್ಮ್ಯಾಟ್. ಪ್ರೋಟೋಮ್ಯಾಪ್ಸ್‌ನವ್ರು ಇಡೀ ಜಗತ್ತಿಂದು ಒಂದ ಫೈಲ್ ಮಾಡಿ ಇಟ್ಟಾರ, ಅದ್ರೊಳಗಿಂದ ನಿಮ್ಗ ಬೇಕಾದಷ್ಟ ತುಂಡು ಕತ್ತರಿಸ್ಕೊಳ್ಳಾಕ ಎಕ್ಸ್‌ಟ್ರ್ಯಾಕ್ಟ್ ಕಮಾಂಡ್ ಅದ, ಇಡೀ ಫೈಲ್ ಇಳಿಸೋ ಜರೂರತ್ತಿಲ್ಲ. ಶಿವಮೊಗ್ಗ ಜಿಲ್ಲಾ ಅಂದ್ರ ಅಕ್ಷಾಂಶ 13.4ರಿಂದ 14.7, ರೇಖಾಂಶ 74.6ರಿಂದ 76.1 ಕೊಟ್ರ ಮುಗೀತು. ವೆಕ್ಟರ್ ಟೈಲ್ (ಚಿತ್ರ ಅಲ್ಲ, ಗೆರಿ ಲೆಕ್ಕ) ಆಗಿರೋದ್ರಿಂದ ಝೂಮ್ 14ರ ತನಕ ಇಟ್ರ ಸಾಕು, ಅದಕ್ಕಿಂತ ಒಳಗ ಹೋದ್ರ ಅದ ಗೆರಿನ ದೊಡ್ಡದು ಮಾಡಿ ಚಂದ ತೋರಿಸ್ತದ, ರಾಸ್ಟರ್ (ಚಿತ್ರದ ಟೈಲ್) ಹಂಗ ಮಸುಕಾಗೂದಿಲ್ಲ. ಒಂದ ಫೈಲ್, ಆ್ಯಪ್ ಜೋಡಿ ಕೊಡ್ರಿ, ಇಲ್ಲಾ ಮೊದಲ ಸಲ ವೈಫೈ ಇದ್ದಾಗ ಇಳಿಸ್ಕೊಳ್ಳಾಕ ಹಚ್ರಿ.

ಕನ್ನಡ ಅಕ್ಷರದ್ದು ನಂಗೊತ್ತಿಲ್ರಿ, ಬ್ಯಾರೆಯವ್ರು ಹೇಳ್ತಾರ.

ರೇಖಾಂಶ:

ಅಕ್ಷರದ್ದು ನಾನು ಹೇಳ್ತೀನಿ, ಇದು ನಿಮ್ಮ ಫಾಂಟ್ ತಪ್ಪಲ್ಲ, ನೂರು ಫಾಂಟ್ ಬದಲಾಯಿಸಿದ್ರೂ ಸರಿ ಹೋಗಲ್ಲ. ಮ್ಯಾಪ್‌ಲಿಬ್ರೆ (ಮ್ಯಾಪ್‌ಬಾಕ್ಸ್ ಕಂಪನಿ 2020ರ ಡಿಸೆಂಬರಲ್ಲಿ ಲೈಸೆನ್ಸ್ ಬದಲಾಯಿಸಿದಾಗ ಅದರ ಹಳೇ ಕೋಡಿಂದ ಕವಲೊಡೆದಿದ್ದು, ಹಾಗಾಗಿ ಈ ಕಾಯಿಲೆನೂ ಅಲ್ಲಿಂದ್ಲೇ ಬಂದಿದ್ದು) ಅಕ್ಷರಗಳ ಚಿತ್ರಾನ 256 ಯೂನಿಕೋಡ್ ನಂಬರಿಗೊಂದು (ಕಂಪ್ಯೂಟರಲ್ಲಿ ಒಂದೊಂದು ಅಕ್ಷರಕ್ಕಿರೋ ನಂಬರ್) ಕಟ್ಟಾಗಿ ತರಿಸ್ಕೊಳ್ಳುತ್ತೆ. ಕನ್ನಡದ್ದು 3072ರಿಂದ 3327ರ ಕಟ್ಟು, ತೆಲುಗು ಕನ್ನಡ ಎರಡೂ ಅದೇ ಒಂದರಲ್ಲಿ ಬರುತ್ತೆ, ಪಕ್ಕದ್ಮನೆಯವ್ರು ಇಲ್ಲೂ ಪಕ್ಕದಲ್ಲೇ. ಆಮೇಲೆ ಪದದಲ್ಲಿರೋ ಒಂದೊಂದು ಯೂನಿಕೋಡ್ ನಂಬರಿಗೂ ಒಂದೊಂದು ಚಿತ್ರ ತೆಗೆದು ಸಾಲಾಗಿ ಅಂಟಿಸುತ್ತೆ. ಇಂಗ್ಲಿಷಿಗೆ ಅಷ್ಟು ಸಾಕು, ಚೈನೀಸಿಗೂ ಸಾಕು. ನಮಗೆ ಸಾಲಲ್ಲ. "ರ್ಥ" ಅನ್ನೋದಕ್ಕೆ ಯೂನಿಕೋಡಲ್ಲಿ ಸ್ವಂತ ನಂಬರ್ ಇಲ್ಲ, ಅದು ರ, ಹಲಂತ್ (ಸ್ವರ ತೆಗೆಯೋ ಗುರುತು), ಥ ಮೂರು ಸೇರಿದಾಗ ಫಾಂಟ್ ಒಳಗಿನ ನಿಯಮ ನೋಡಿ ಹುಟ್ಟೋ ಆಕಾರ, ಅದರಲ್ಲೂ ಅರ್ಕಾವತ್ತು ಮೊದಲು ಉಚ್ಚಾರ ಆಗಿ ಕೊನೆಗೆ ಕೂರೋದು. ಆ ನಿಯಮ ಓದೋ ಕೆಲಸಕ್ಕೆ ಶೇಪಿಂಗ್ ಅಂತಾರೆ, ಆಂಡ್ರಾಯ್ಡಲ್ಲಿ, ಫ್ಲಟರಲ್ಲಿ ಹಾರ್ಫ್‌ಬಜ್ ಅನ್ನೋ ಲೈಬ್ರರಿ ಅದನ್ನ ಮಾಡುತ್ತೆ, ನೀವು ಮಾಡ್ತಿರೋ ಮ್ಯಾಪ್‌ಲಿಬ್ರೆ ದಾರಿಯಲ್ಲಿ ಆ ಹೆಜ್ಜೆನೇ ಇಲ್ಲ. ದೇವನಾಗರಿ, ಬರ್ಮೀಸ್, ಖ್ಮೇರ್‌ದೂ ಇದೇ ಗೋಳು. ಅರೇಬಿಕ್‌ಗೆ ಅಂತ ಒಂದು ಪ್ಲಗಿನ್ ಬಂತು, ಅದೂ ವೆಬ್ಬಿಗೆ.

ಹಾಗಾಗಿ ಮ್ಯಾಪ್ ಎಂಜಿನ್ ಕೈಲಿ ಕನ್ನಡ ಬರೆಸ್ಬೇಡಿ, ಫ್ಲಟರ್ ಕೈಲೇ ಬರೆಸಿ. ಫ್ಲಟರ್‌ಮ್ಯಾಪ್ ಅಂತ ಪ್ಯಾಕೇಜ್ ಇದೆಯಲ್ಲ, ವೆಬ್ಬಿನ ಲೀಫ್‌ಲೆಟ್ ಮ್ಯಾಪ್ ಲೈಬ್ರರಿ ಮಾದರೀದು, ಅದು ಪೂರ್ತಿ ಡಾರ್ಟಲ್ಲೇ (ಫ್ಲಟರ್ ಭಾಷೆ) ಬರೆದಿದ್ದು, ಅದರ ಮಾರ್ಕರ್ (ಜಾಗದ ಗುರುತು) ಅಂದ್ರೆ ಸಾದಾ ವಿಜೆಟ್, ಫ್ಲಟರ್ ಪರದೆಯ ಒಂದು ತುಂಡು, ಅದರೊಳಗೆ ಟೆಕ್ಸ್ಟ್ ಹಾಕಿದ್ರೆ ಆ್ಯಪಿನ ಬೇರೆ ಕಡೆ ಕನ್ನಡ ಹೆಂಗೆ ಬರುತ್ತೋ ಹಂಗೇ ಬರುತ್ತೆ. ಬೇಸ್ ಮ್ಯಾಪಿನ ಸ್ಟೈಲಿಂದ ಊರ ಹೆಸರಿನ ಲೇಯರ್‌ಗಳನ್ನೆಲ್ಲ ಕಿತ್ತು ರಸ್ತೆ, ಹೊಳೆ, ಕೆರೆ, ಕಾಡು ಅಷ್ಟೇ ಉಳಿಸ್ಕೊಳ್ಳಿ. ಹೆಸರುಗಳು ನಿಮ್ಮ ಶೀಟಿಂದಲೇ ಬರಲಿ. ಇದರಲ್ಲಿ ಇನ್ನೊಂದು ಲಾಭ ಇದೆ, ಓಪನ್‌ಸ್ಟ್ರೀಟ್‌ಮ್ಯಾಪಲ್ಲಿ ಸಣ್ಣ ಹಳ್ಳಿಗಳಿಗೆ ಕನ್ನಡ ಹೆಸರಿನ ಟ್ಯಾಗ್ ಎಷ್ಟೋ ಕಡೆ ಹಾಕೇ ಇಲ್ಲ, ಮುಖ್ಯ ಹೆಸರು ಹೆಚ್ಚಾಗಿ ಇಂಗ್ಲಿಷಲ್ಲೇ ಇರುತ್ತೆ, ನಿಮ್ಮ ಪಟ್ಟಿ ಅದಕ್ಕಿಂತ ಚೆನ್ನಾಗಿರುತ್ತೆ. ಪುರುಸೊತ್ತಾದಾಗ ಆ ಹೆಸರುಗಳನ್ನ ಅಲ್ಲಿಗೂ ಸೇರಿಸಿ, ಮುಂದಿನವರಿಗೆ ಆಗುತ್ತೆ.

ಮ್ಯಾಪ್‌ಲಿಬ್ರೆನೇ ಬೇಕು, ತಿರುಗಿಸೋದು ಓರೆ ಮಾಡೋದು ನುಣುಪಾಗಿರ್ಬೇಕು ಅಂದ್ರೆ ಫ್ಲಟರಿನ ಟೆಕ್ಸ್ಟ್‌ಪೇಂಟರಲ್ಲಿ ಹೆಸರು ಬರೆದು ಅದನ್ನ ಇಮೇಜ್ ಮಾಡಿ ಐಕಾನ್ ಥರ ಸೇರಿಸ್ಬಹುದು. ಅಕ್ಷರ ಸರಿ ಬರುತ್ತೆ, ಒಂದರ ಮೇಲೊಂದು ಬಿದ್ರೆ ಎಂಜಿನ್ನೇ ಒಂದನ್ನ ಅಡಗಿಸುತ್ತೆ. ಆದ್ರೆ ಸಾವಿರ ಇಮೇಜ್ ಮೆಮೊರಿ ತಿನ್ನುತ್ತೆ, ಪರದೆ ಮೇಲೆ ಕಾಣೋವಷ್ಟನ್ನೇ ಸೇರಿಸ್ತಾ ತೆಗೀತಾ ಹೋಗ್ಬೇಕು. ನನ್ನ ಕೇಳಿದ್ರೆ ನಿಮ್ಮ ಕೆಲಸಕ್ಕೆ ಅಷ್ಟು ತಲೆನೋವು ಬೇಡ.

ಜಾವಾಸ್ಕ್ರಿಪ್ಟ್_ಜೀವಿ:

ರಿಯಾಕ್ಟ್ ನೇಟಿವ್ (ಫ್ಲಟರ್ ಥರದ್ದೇ ಇನ್ನೊಂದು, ಜಾವಾಸ್ಕ್ರಿಪ್ಟಲ್ಲಿ ಬರೆಯೋದು) ಕಡೆಯವ್ರು ಯಾರಾದ್ರೂ ಓದ್ತಿದ್ರೆ ಗೊತ್ತಿರ್ಲಿ, ಅಲ್ಲೂ ಇದೇ ಕಥೆ. ರಿಯಾಕ್ಟ್ ನೇಟಿವ್ ಮ್ಯಾಪ್ಸ್ ಐಫೋನಲ್ಲಿ ಸುಮ್ನೆ ಬಿಟ್ರೆ ಆ್ಯಪಲ್ ಮ್ಯಾಪ್ ತಗೊಳ್ಳುತ್ತೆ, ಆಂಡ್ರಾಯ್ಡಲ್ಲಿ ಗೂಗಲ್, ಎರಡರಲ್ಲೂ ಊರ ಹೆಸರು ಬೇರೆ ಬೇರೆ ಕಾಣುತ್ತೆ. ಸ್ವಂತ ಮಾರ್ಕರ್ ಹಾಕಿದ್ರೆ ಟ್ರ್ಯಾಕ್ಸ್‌ವ್ಯೂಚೇಂಜಸ್ (ಮಾರ್ಕರ್ ಮತ್ತೆ ಮತ್ತೆ ಬಿಡಿಸೋ ಸೆಟ್ಟಿಂಗ್) ಫಾಲ್ಸ್ ಮಾಡೋದು ಮರೀಬೇಡಿ, ಇಲ್ಲಾಂದ್ರೆ ನೂರು ಮಾರ್ಕರಿಗೇ ಫೋನ್ ಬಿಸಿ. ಮತ್ತೆ ಗೂಗಲ್ ಕೀ ಬಳಸೋರಿಗೆ, ಡೀಬಗ್‌ನಲ್ಲಿ ಮ್ಯಾಪ್ ಬಂದು ಪ್ಲೇ ಸ್ಟೋರಿಂದ ಇಳಿಸಿದಾಗ ಬರೀ ಬೂದು ಬಣ್ಣ ಕಂಡ್ರೆ ಕೋಡ್ ಕೆದಕ್ಬೇಡಿ, ಸ್ಟೋರ್ ತನ್ನದೇ ಕೀಲಿಯಿಂದ ಮತ್ತೆ ಸೈನ್ ಮಾಡಿರುತ್ತೆ, ಆ ಕೀಲಿಯ ಎಸ್‌ಎಚ್‌ಎ-1 (ಅದರ ಬೆರಳಚ್ಚು) ಅನ್ನ ಪ್ಲೇ ಕನ್ಸೋಲಿಂದ ತಗೊಂಡು ಎಪಿಐ ಕೀ ನಿರ್ಬಂಧದ ಪಟ್ಟಿಗೆ ಸೇರಿಸಿ.

ಸುಮ್ನೆ_ಓದ್ತಿದ್ದೆ:

ಟೆಕ್ನಿಕಲ್ ವಿಷ್ಯ ನೀವೆಲ್ಲ ಹೇಳಿದೀರ, ನಾನು ಬೇರೆ ಕೇಳ್ತೀನಿ. ಈ ಆ್ಯಪ್ ನಿಮ್ಮ ನಾಲ್ಕೈದು ಜನಕ್ಕಾ ಅಥ್ವಾ ಪ್ಲೇ ಸ್ಟೋರಿಗಾ? ಸ್ಟೋರಿಗೆ ಹಾಕ್ತೀರಾ ಅಂದ್ರೆ ದಯವಿಟ್ಟು ಯೋಚ್ನೆ ಮಾಡಿ, ಕಾಡೊಳಗೆ ಒಂಟಿಯಾಗಿ ನಿಂತಿರೋ ಕಲ್ಲು, ಪಾಳು ಗುಡಿ ಕಂಡ್ರೆ ಅದರ ಕೆಳಗೆ ನಿಧಿ ಇದೆ ಅಂತ ಅಗೆಯೋರು ನಮ್ಮ ಕಡೆ ಕಮ್ಮಿ ಇಲ್ಲ. ಶಾಸನದ ಕಲ್ಲು ಕಿತ್ತು ಮಗುಚಿ ಹಾಕಿರೋದು ನೀವೇ ಓಡಾಡುವಾಗ ನೋಡಿರ್ತೀರಿ. ಅಂಥವರಿಗೆ ನಾವೇ ಕೈ ಹಿಡಿದು ಜಾಗ ತೋರಿಸಿದ ಹಾಗೆ ಆಗಬಾರ್ದು.

ಕಲ್ಲು_ಹುಡುಕೋರು:

ಎಲ್ರಿಗೂ ಥ್ಯಾಂಕ್ಸ್. ರೇಖಾಂಶ ಮೇಡಂ, ಹೆಸರು ನಮ್ಮ ಶೀಟಿಂದ ಹಾಕೋದು ಹೊಳ್ದೇ ಇರ್ಲಿಲ್ಲ, ಅದೇ ಮಾಡ್ತೀನಿ. ಸುಮ್ನೆ ಓದ್ತಿದ್ದವ್ರೇ, ನಿಮ್ಮ ಮಾತು ಸರಿ ಇದೆ, ಗುಂಪಲ್ಲೂ ಇದೇ ಜಗಳ. ಸ್ಟೋರಿಗೆ ಹಾಕಿದ್ರೆ ತಾನೇ ಶಾಲೆ ಮಕ್ಕಳು, ಊರವರು ನೋಡೋದು, ನಮ್ಮೂರಲ್ಲಿ ಇಂಥದ್ದಿದೆ ಅಂತ ಗೊತ್ತಾದ್ರೆ ಊರವರೇ ಕಾಯ್ತಾರೆ ಅನ್ನೋದು ನನ್ನ ವಾದ. ಜಾಗ ತೋರಿಸ್ದೆ ಮ್ಯಾಪ್ ಮಾಡೋದಾದ್ರೂ ಹೇಗೆ? ಲಾಗಿನ್ ಇಟ್ಟು ಅಡಗಿಸ್ಬಹುದಾ?

ರೇಖಾಂಶ:

ಲಾಗಿನ್ ಇಟ್ಟು ಪರದೆ ಮೇಲೆ ಅಡಗಿಸಿದ್ರೆ ಪ್ರಯೋಜನ ಇಲ್ಲ, ಆಫ್‌ಲೈನ್ ಅಂದ್ಮೇಲೆ ಡೇಟಾ ಫೋನಲ್ಲೇ ಇರುತ್ತೆ, ಎಪಿಕೆ (ಆಂಡ್ರಾಯ್ಡ್ ಆ್ಯಪಿನ ಫೈಲ್) ಬಿಚ್ಚಿದ್ರೆ ಒಳಗಿನ ಜೇಸನ್ ಡೇಟಾ ಫೈಲ್ ಹಂಗೇ ಸಿಗುತ್ತೆ. ಪ್ಯಾಕ್ ಮಾಡೋಕೆ ಮುಂಚೆನೇ ಜಿಪಿಎಸ್ ನಂಬರ್ ಒರಟು ಮಾಡಿ. ದಶಮಾಂಶ ಐದು ಸ್ಥಾನ ಇದ್ರೆ ಒಂದು ಮೀಟರ್ ಲೆಕ್ಕಕ್ಕೆ ಸಿಗುತ್ತೆ, ಎರಡೇ ಸ್ಥಾನ ಉಳಿಸಿದ್ರೆ ಅಕ್ಕಪಕ್ಕದ ಎರಡು ಬಿಂದುಗಳ ನಡುವೆ ಕಿಲೋಮೀಟರ್‌ಗೂ ಮೇಲಾಗುತ್ತೆ, ಊರು ಗೊತ್ತಾಗುತ್ತೆ ಕಲ್ಲು ಗೊತ್ತಾಗಲ್ಲ. ರೈಸ್ ಪುಸ್ತಕದಲ್ಲೂ ಊರ ಹೆಸರು ಹೇಗೂ ಇದೆ, ಅಷ್ಟು ಹೇಳಿದ್ರೆ ಹೊಸದಾಗಿ ಏನೂ ಬಿಟ್ಟುಕೊಟ್ಟ ಹಾಗಲ್ಲ. ಬಳ್ಳಿಗಾವೆ, ತಾಳಗುಂದದ ಥರ ಎಲ್ರಿಗೂ ಗೊತ್ತಿರೋ ಜಾಗಕ್ಕೆ ನಿಖರವಾಗಿ ಇಡಿ, ಒಂಟಿ ಕಲ್ಲಿಗೆ ಎರಡು ಸ್ಥಾನ. ನಿಮ್ಮ ಗುಂಪಿಗೆ ಪೂರ್ತಿ ಡೇಟಾ ಇರೋ ಬೇರೆ ಬಿಲ್ಡ್ (ಆ್ಯಪಿನ ಬೇರೆ ಪ್ರತಿ). ಫೋಟೋದೊಳಗೂ ಜಿಪಿಎಸ್ ಅಡಗಿರುತ್ತೆ, ಅದನ್ನ ಅಳಿಸದೆ ಹಾಕಿದ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಶೀಟಿಂದ ಜಿಯೋಜೇಸನ್ (ಮ್ಯಾಪ್ ಬಿಂದುಗಳ ಫೈಲ್) ಮಾಡುವಾಗ ಅದರಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಫ್ಲಟರ್‌ಮ್ಯಾಪಿನ ಲ್ಯಾಟ್‌ಲಾಂಗ್ ಉಲ್ಟಾ. ಅದಲುಬದಲಾದ್ರೆ ಶಿವಮೊಗ್ಗದ ಕಲ್ಲುಗಳೆಲ್ಲ ನಾರ್ವೆಗೂ ಸ್ವಾಲ್‌ಬಾರ್ಡಿಗೂ ನಡುವೆ ಸಮುದ್ರದಲ್ಲಿ ಸಿಗುತ್ತೆ. ಮಾರ್ಕರ್‌ಗಳಿಗೆ ಕ್ಲಸ್ಟರ್ (ಹತ್ತಿರದವನ್ನ ಒಟ್ಟು ಮಾಡಿ ತೋರಿಸೋ) ಪ್ಯಾಕೇಜ್ ಹಾಕಿ, ಹೆಸರು ಝೂಮ್ 12 ದಾಟಿದ ಮೇಲೆ ಮಾತ್ರ ತೋರಿಸಿ.

ಹುಬ್ಳಿ_ಕಂಪೈಲರ್:

ಭಾರಿ ಹೇಳಿದ್ರಿ ಮೇಡಂ. ನಂದೊಂದು ಸೇರಿಸ್ತೀನಿ, ಮ್ಯಾಪಿನ ಕ್ಯಾಮೆರಾಕ್ಕ (ಪರದೆ ಮ್ಯಾಲೆ ಕಾಣೋ ಭಾಗ) ಜಿಲ್ಲಾದ ಸುತ್ತ ಬೇಲಿ ಹಾಕ್ರಿ, ಕನಿಷ್ಠ ಝೂಮ್ ಕೂಡ ಕಟ್ರಿ. ಖಾಲಿ ಜಾಗಕ್ಕ ಜಾರಿ ಹೋಗೂದು ತಪ್ತದ, ಅದಕ್ಕಿಂತ ಮುಖ್ಯ, ಓಪನ್‌ಸ್ಟ್ರೀಟ್‌ಮ್ಯಾಪ್ ಡೇಟಾದೊಳಗ ಕಾಶ್ಮೀರದ ಗಡಿ ನೆಲದ ಮ್ಯಾಲೆ ಯಾರ ಹಿಡಿತ ಅದನೋ ಅದ್ರ ಪ್ರಕಾರ ಇರ್ತದ, ನಮ್ಮ ದೇಶದಾಗ ತಪ್ಪು ಗಡಿ ತೋರ್ಸಿದ್ರ ಕಾನೂನು ಪ್ರಕಾರ ಆರು ತಿಂಗಳ ತನಕ ಜೈಲು ಅದ. ನಿಮ್ಮ ಮ್ಯಾಪ್ ಶಿವಮೊಗ್ಗ ಬಿಟ್ಟು ಹೋಗದಿದ್ರ ಆ ಗೆರಿನ ಬರೂದಿಲ್ಲ.

ದಾರಿ ತೋರ್ಸಾಕ ನೀವಾಗಿ ಏನೂ ಬರೀಬ್ಯಾಡ್ರಿ, ಬಟನ್ ಒತ್ತಿದ್ರ ಫೋನಿನ ಮ್ಯಾಪ್ ಆ್ಯಪ್ ತೆರೆಯೋ ಹಂಗ ಲಿಂಕ್ ಕೊಡ್ರಿ, ಆಂಡ್ರಾಯ್ಡಿಗೆ geo: ಅಂತ ಶುರುವಾಗೋ ಲಿಂಕ್, ಐಫೋನಿಗೆ ಆ್ಯಪಲ್ ಮ್ಯಾಪ್ಸ್ ಲಿಂಕ್ ಬ್ಯಾರೆ. ಮ್ಯಾಪಿನ ಒಂದು ಮೂಲ್ಯಾಗ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು ಅಂತ ಕಾಣೋ ಹಂಗ ಹಾಕ್ರಿ, ಡೇಟಾದ ಲೈಸೆನ್ಸ್ ಕೇಳೋದು ಅದನ್ನ. ಬಿಲ್ಡ್ ಆದ್ರ ಇಲ್ಲಿ ಹಾಕ್ರಿ, ನನ್ನ ಹತ್ರ ಒಂದು ಹಳೇ 2 ಜಿಬಿ ರ‍್ಯಾಮ್ ಫೋನ್ ಅದ, ಅದ್ರೊಳಗ ಓಡಿಸಿ ಹೇಳ್ತೀನಿ.