‘ವಾಪಸ್ ಮನೆ ಕೊಡ್ತೀವಿ’ ಅಂದರೆ ಸಹಿ ಹಾಕಬಹುದೇ? – ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: “ನಾವಿರುವ ಸರ್ಕಾರಿ ಬಾಡಿಗೆ ವಸತಿ ಸಮುಚ್ಚಯವನ್ನು ಕೆಡವಿ ಹೊಸದು ಕಟ್ಟುತ್ತಾರಂತೆ. ‘ಕಟ್ಟಡ ಮುಗಿದ ಮೇಲೆ ಎಲ್ಲರಿಗೂ ಮನೆ’ ಎಂದು ಬರೆದ ಒಂದು ಪುಟದ ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. ಅತ್ತೆಗೆ ಮಂಡಿನೋವು, ಮಗಳು ಒಂಬತ್ತನೇ ತರಗತಿ. ಸಹಿ ಹಾಕಲೇ, ಬೇಡವೇ?”

ವಸತಿ ವ್ಯಾಜ್ಯ ನೋಡುವ ವಕೀಲರು

ಆ ಒಂದು ಪುಟಕ್ಕೆ ಸಹಿ ಹಾಕಬೇಡಿ. ಯೋಜನೆ ಕೆಟ್ಟದ್ದು ಅಂತಲ್ಲ. ಆ ಕಾಗದ ಹಿಡಿದುಕೊಂಡು ನಾಳೆ ಯಾರನ್ನೂ ಕೇಳುವಂತಿಲ್ಲ.

ಮೊದಲು ನೋಡಬೇಕಾದದ್ದು ಪಟ್ಟಿ. ಯಾವ ತಾರೀಖಿನಂದು ವಾಸವಿದ್ದವರಿಗೆ ಮರಳುವ ಹಕ್ಕು? ಅಮೆರಿಕದ ಷಿಕಾಗೋ ನಗರ 25,000 ಸಾರ್ವಜನಿಕ ಮನೆಗಳನ್ನು (ಸರ್ಕಾರಿ ಬಾಡಿಗೆ ಮನೆಗಳನ್ನು) ಹೊಸದಾಗಿ ಕಟ್ಟುವ, ದುರಸ್ತಿ ಮಾಡುವ ಯೋಜನೆಗೆ ಕೈಹಾಕಿದಾಗ ಗೆರೆ ಎಳೆದದ್ದು 1999ರ ಅಕ್ಟೋಬರ್ 1ಕ್ಕೆ. ಅಂದು ಬಾಡಿಗೆ ಕರಾರು ಇದ್ದ ಕುಟುಂಬಕ್ಕೆ ಹಕ್ಕು. ಅದೂ ಕರಾರಿನ ಷರತ್ತು ಮುರಿಯದೆ ಇದ್ದರೆ. ಮರಳಿ ಬರುವ ಹೊತ್ತಿಗೆ ಎಲ್ಲ ಆದಾಯದವರೂ ಇರುವ ಹೊಸ ಕಟ್ಟಡಗಳಲ್ಲಿ ವಾರಕ್ಕಿಷ್ಟು ಗಂಟೆ ದುಡಿಮೆ, ಸಾಲದ ಇತಿಹಾಸ ಎಂದು ಹೊಸ ಜರಡಿ ಸಿದ್ಧವಾಗಿತ್ತು. ಹಾಗಾಗಿ ನಿಮ್ಮ ಕರಾರಿನಲ್ಲಿ ‘ಮರಳುವಾಗ ಹೊಸ ಅರ್ಹತಾ ಪರೀಕ್ಷೆ ಇರುವುದಿಲ್ಲ’ ಎಂಬ ಸಾಲು ಬೇಕೇಬೇಕು. ಹಳೆ ಬಾಕಿಯಿದ್ದರೆ ಕಂತಿನಲ್ಲಿ ಕಟ್ಟುವ ಒಪ್ಪಂದವನ್ನು ಈಗಲೇ ಮಾಡಿಕೊಳ್ಳಿ.

ಎರಡನೆಯದು, ಕರಾರು ಯಾರ ಹೆಸರಲ್ಲಿದೆ? ಅತ್ತೆಯವರ ಹೆಸರಲ್ಲಿದ್ದರೆ, ಕಟ್ಟಡ ಏಳುವುದರೊಳಗೆ ಅವರಿಗೇನಾದರೂ ಆದರೆ ಹಕ್ಕು ಯಾರಿಗೆ ಎಂಬುದು ಹೆಸರು ಸಮೇತ ಬರೆದಿರಬೇಕು. ಇಂಥ ಮಾತು ಆಡಲು ಮನೆಯಲ್ಲಿ ಮುಜುಗರ, ಗೊತ್ತು. ಆದರೆ ವ್ಯಾಜ್ಯ ಹುಟ್ಟುವುದು ಇಲ್ಲೇ.

ಮೂರನೆಯದು ಲೆಕ್ಕ. ಈಗ ಒಂದು ಕೋಣೆಯ, ಎರಡು ಕೋಣೆಯ, ಮೂರು ಕೋಣೆಯ ಮನೆಗಳು ಎಷ್ಟೆಷ್ಟಿವೆ, ಹೊಸದರಲ್ಲಿ ಇದೇ ಬಾಡಿಗೆಗೆ ಎಷ್ಟೆಷ್ಟು? ಒಟ್ಟು ಸಂಖ್ಯೆ ಕೇಳಿ ಸುಮ್ಮನಾಗಬೇಡಿ. ದೊಡ್ಡ ಮನೆಗಳೇ ಮಾಯವಾಗುವುದು. ಅಮೆರಿಕದಲ್ಲಿ ಕೆಡವಿದ ಪ್ರತಿ ಸಾರ್ವಜನಿಕ ಮನೆಗೆ ಇನ್ನೊಂದು ಕಟ್ಟಲೇಬೇಕೆಂಬ ನಿಯಮವಿತ್ತು. 1995ರಲ್ಲಿ ಅದನ್ನು ತಡೆಹಿಡಿದು, 1998ರಲ್ಲಿ ಕಾನೂನಿನಿಂದಲೇ ತೆಗೆದುಹಾಕಿದರು. ಹಳೆಯ ಸಾರ್ವಜನಿಕ ವಸತಿ ಕೆಡವಿ ಮರಳಿ ಕಟ್ಟುವ ಆ ಕಾಲದ ‘ಹೋಪ್ ಸಿಕ್ಸ್’ ಯೋಜನೆಯಲ್ಲಿ ಬಡಾವಣೆಗಳೇನೋ ಚೆಂದವಾದವು, ಕಡುಬಡವರಿಗೆ ಎಟಕುವ ಮನೆಗಳು ಕಡಿಮೆಯಾದವು.

ಅಳತೆಯನ್ನು ಗೋಡೆಯೊಳಗಿನ ನೆಲದ ಲೆಕ್ಕದಲ್ಲೇ ಬರೆಸಿ. ಮೆಟ್ಟಿಲು, ಮೊಗಸಾಲೆ ಸೇರಿಸಿದ ಅಳತೆ ಕಾಗದದಲ್ಲಿ ದೊಡ್ಡದಾಗಿ ಕಾಣುತ್ತದೆ, ಮಂಚ ಹಾಕುವಾಗ ಸಾಲುವುದಿಲ್ಲ. ಮನೆ ಕೊಡುವ ತಾರೀಖು, ತಡವಾದರೆ ಅಲ್ಲಿಯವರೆಗಿನ ಬಾಡಿಗೆ ಯಾರು ಕಟ್ಟಬೇಕು ಎಂಬುದೂ ಅದರಲ್ಲೇ ಇರಲಿ.

ಪುನರ್ವಸತಿ ಕೆಲಸದ ಕಾರ್ಯಕರ್ತೆ

ಸಮೀಕ್ಷೆಯ ದಿನ ಬೀಗ ಹಾಕಿದ್ದ ಮನೆ ‘ಖಾಲಿ’ ಎಂದು ದಾಖಲಾಗುತ್ತದೆ. ಅಕ್ಕಪಕ್ಕದವರು ಊರಿಗೆ ಹೋಗಿದ್ದರೂ ಬೇಗ ಕರೆಸಿ. ಕರಡು ಪಟ್ಟಿ ಅಂಟಿಸಿದ ದಿನವೇ ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ, ಆಕ್ಷೇಪಣೆ ಬರಹದಲ್ಲಿ ಕೊಟ್ಟು ಮೊಹರು ಬಿದ್ದ ನಕಲು ಪಡೆಯಿರಿ.

ಮನೆ ಬಿಟ್ಟ ಮೇಲೆ ಹಕ್ಕು ಕೈತಪ್ಪುವುದು ಬಹಳ ಸಲ ವಿಳಾಸದ ದೆಸೆಯಿಂದ. ಕಚೇರಿಯ ನೋಟಿಸು ಕೆಡವಿದ ಮನೆಯ ವಿಳಾಸಕ್ಕೇ ಹೋಗುತ್ತದೆ, ಉತ್ತರ ಬರದಿದ್ದರೆ ‘ಆಸಕ್ತಿ ಇಲ್ಲ’ ಎಂದು ಹೆಸರು ಹೊಡೆಯುತ್ತಾರೆ. ಮನೆ ಬದಲಿಸಿದಾಗೆಲ್ಲ ಹೊಸ ವಿಳಾಸವನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪ್ರತಿ ಬ್ಲಾಕಿನಲ್ಲೂ ಒಬ್ಬರು ಎಲ್ಲರ ಫೋನ್ ನಂಬರಿನ ಪಟ್ಟಿ ಇಟ್ಟುಕೊಳ್ಳಲಿ. ಸಂಘದ ಅತಿ ಮುಖ್ಯ ದಾಖಲೆ ಅದೇ.

ಮಗಳ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. 1994ರಿಂದ ಅಮೆರಿಕದ ಐದು ನಗರಗಳಲ್ಲಿ ಸಾರ್ವಜನಿಕ ವಸತಿಯ ಕುಟುಂಬಗಳಿಗೆ ಬಡತನ ಕಡಿಮೆಯಿರುವ ಬಡಾವಣೆಗೆ ಹೋಗಲು ನೆರವು ಕೊಟ್ಟು, ಮುಂದೆ ಏನಾಯಿತೆಂದು ನೋಡಿದರು. 13 ವರ್ಷದೊಳಗೆ ಜಾಗ ಬದಲಿಸಿದ ಮಕ್ಕಳು ದೊಡ್ಡವರಾದ ಮೇಲೆ ಸುಮಾರು 31% ಹೆಚ್ಚು ದುಡಿಯುತ್ತಿದ್ದರು. ಹದಿಹರೆಯದಲ್ಲಿ ಹೋದವರಿಗೆ ಆ ಲಾಭ ಸಿಗಲಿಲ್ಲ, ತುಸು ನಷ್ಟವೇ ಕಂಡಿತು. ಆದ್ದರಿಂದ ಕೆಡವುವ ಸರದಿಯಲ್ಲಿ ನಿಮ್ಮ ಬ್ಲಾಕು ಎಷ್ಟನೆಯದು ಕೇಳಿ, ಆಕೆ ಹತ್ತನೆಯ ತರಗತಿ ಮುಗಿಸುವವರೆಗೆ ಮುಂದಕ್ಕೆ ಹಾಕಲು ಅರ್ಜಿ ಕೊಡಿ. ಒಲ್ಲೆವೆಂದರೆ, ತಾತ್ಕಾಲಿಕ ಮನೆ ಅದೇ ಶಾಲೆಯ ಹತ್ತಿರ ಸಿಗಲಿ.

ಸಿಂಗಪುರದಲ್ಲಿ 1995ರಿಂದ ನಡೆದ ಮರುನಿರ್ಮಾಣ ಯೋಜನೆಯಲ್ಲಿ ಬದಲಿ ಮನೆಗಳನ್ನು ಆಸುಪಾಸಿನಲ್ಲೇ ಕಟ್ಟಿ, ಆಮೇಲೆ ಹಳೆಯದನ್ನು ಬಿಡಿಸುತ್ತಿದ್ದರು; ನೆರೆಯವರು ಜೊತೆಗೂಡಿ ಮನೆ ಆರಿಸಿಕೊಳ್ಳುವ ಅವಕಾಶವೂ ಇತ್ತು. ನೀವು ಕೇಳಬೇಕಾದ ಮಾದರಿ ಇದು. ನಿಮ್ಮ ಅತ್ತೆಯವರಿಗೆ ಔಷಧಿ ತಂದುಕೊಡುವ ಪಕ್ಕದ ಮನೆಯವರು ನಗರದ ಇನ್ನೊಂದು ತುದಿಗೆ ಹೋದರೆ ಅದಕ್ಕೆ ಯಾವ ಪರಿಹಾರಧನವೂ ಇಲ್ಲ.

ಕಟ್ಟಡ ತಪಾಸಣೆಯ ಎಂಜಿನಿಯರ್

ಕೆಡವಲೇಬೇಕೆಂದು ಹೇಳಿದವರು ಯಾರು? ವರದಿ ತರಿಸಿ ನೋಡಿ. ಬರೀ ರಿಬೌಂಡ್ ಹ್ಯಾಮರ್ (ಕಾಂಕ್ರೀಟಿಗೆ ಬಡಿದು ಪುಟಿಯುವಿಕೆ ಅಳೆಯುವ ಉಪಕರಣ) ಅಂಕಿಗಳಿದ್ದರೆ ಸಾಲದು; ಅದು ಮೇಲ್ಮೈಯ ಗಟ್ಟಿತನ ಅಷ್ಟೇ ಹೇಳುತ್ತದೆ. ಕಂಬಗಳಿಂದ ಕೋರ್ (ಕೊರೆದು ತೆಗೆದ ಕಾಂಕ್ರೀಟಿನ ತುಂಡು) ತೆಗೆದು ಒತ್ತಡ ಪರೀಕ್ಷೆ ಮಾಡಿರಬೇಕು, ಕಾರ್ಬೊನೇಷನ್ ಆಳ, ಅಂದರೆ ಗಾಳಿ ತಾಗಿ ಕಾಂಕ್ರೀಟಿನ ಕ್ಷಾರಗುಣ ಎಷ್ಟು ಒಳಗಿನವರೆಗೆ ಕುಂದಿದೆ ಎಂಬುದನ್ನು ಅಳೆದಿರಬೇಕು. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್ತಲೀನ್ ಎಂಬ ದ್ರಾವಣ ಸಿಂಪಡಿಸಿದರೆ ಚೆನ್ನಾಗಿರುವ ಭಾಗ ಗುಲಾಬಿಯಾಗುತ್ತದೆ. ಬಣ್ಣವೇರದ ಪದರ ಕಂಬಿಯವರೆಗೂ ಮುಟ್ಟಿದ್ದರೆ ತುಕ್ಕು ಹಿಡಿಯಲು ದಾರಿ ತೆರೆದಿದೆ ಎಂದರ್ಥ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಸಿಡಿಸುತ್ತದೆ. ಬಚ್ಚಲುಮನೆಯ ಪೈಪು ಸೋರಿ ಛಾವಣಿಯ ಪ್ಲಾಸ್ಟರ್ ಉದುರುವುದು ಬೇರೆ ವಿಷಯ, ಅದಕ್ಕೆ ಕಟ್ಟಡ ಕೆಡವಬೇಕಿಲ್ಲ.

ಫ್ರಾನ್ಸಿನ ಬೋರ್ಡೊ ನಗರದಲ್ಲಿ 1960ರ ದಶಕದ ಮೂರು ಕಟ್ಟಡಗಳ 530 ಮನೆಗಳನ್ನು ಯಾರನ್ನೂ ಒಕ್ಕಲೆಬ್ಬಿಸದೆ ನವೀಕರಿಸಿದರು. ಹೊರಗೋಡೆಗೆ 3.8 ಮೀಟರ್ ಆಳದ ಗಾಜಿನ ವರಾಂಡಾಗಳನ್ನು ಜೋಡಿಸಿ, ಲಿಫ್ಟ್, ಬಚ್ಚಲುಮನೆ, ವೈರಿಂಗ್ ಸರಿಪಡಿಸಿ, 2017ಕ್ಕೆ ಕೆಲಸ ಮುಗಿಸಿದರು. ಅದರ ವಾಸ್ತುಶಿಲ್ಪಿಗಳಾದ ಆ್ಯನ್ ಲಕಾತೋ, ಜಾನ್ ಫಿಲಿಪ್ ವಸಾಲ್ ಅವರಿಗೆ 2021ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ದುರಸ್ತಿಗೆ ಎಷ್ಟು, ಮರುನಿರ್ಮಾಣಕ್ಕೆ ಎಷ್ಟು ಎಂಬ ಎರಡೂ ಅಂದಾಜನ್ನು ಪಕ್ಕಪಕ್ಕ ಇಟ್ಟು ತೋರಿಸಲಿ.

ವಸತಿ ಸಂಘದ ಲೆಕ್ಕಪತ್ರ ನೋಡುವವರು

ಎಲ್ಲರೂ ಬಾಡಿಗೆಯ ಬಗ್ಗೆ ಕೇಳುತ್ತಾರೆ, ನಿರ್ವಹಣೆಯ ಬಗ್ಗೆ ಕೇಳುವುದಿಲ್ಲ. ಮೂರು ಮಹಡಿಯ ಜಾಗದಲ್ಲಿ ಹದಿನಾಲ್ಕು ಮಹಡಿ ಎದ್ದರೆ ಲಿಫ್ಟ್, ನೀರೆತ್ತುವ ಪಂಪು, ಬೆಂಕಿ ನಂದಿಸುವ ವ್ಯವಸ್ಥೆ, ಇವಕ್ಕೆ ತಿಂಗಳು ತಿಂಗಳು ಹಣ ಬೇಕು. ಅಮೆರಿಕದ ಸೇಂಟ್ ಲೂಯಿಸ್ ನಗರದ ಪ್ರೂಯಿಟ್-ಐಗೋ ಎಂಬ ಸಾರ್ವಜನಿಕ ವಸತಿ ಸಮುಚ್ಚಯದಲ್ಲಿ 11 ಮಹಡಿಯ 33 ಕಟ್ಟಡಗಳಿದ್ದವು, ನಿರ್ವಹಣೆಗೆ ನೆಚ್ಚಿಕೊಂಡದ್ದು ಬಾಡಿಗೆಯನ್ನು. ಮನೆಗಳು ಖಾಲಿಯಾದಂತೆ ಬಾಡಿಗೆ ಇಳಿಯಿತು, ದುರಸ್ತಿ ನಿಂತಿತು, ಇನ್ನಷ್ಟು ಜನ ಬಿಟ್ಟರು. 1972ರಲ್ಲಿ ಕೆಡವಲು ಶುರುಮಾಡಿದರು. ಅಲ್ಲಿನ ಲಿಫ್ಟ್‌ಗಳು 1, 4, 7, 10ನೇ ಮಹಡಿಯಲ್ಲಷ್ಟೇ ನಿಲ್ಲುತ್ತಿದ್ದವು. ಮಂಡಿನೋವಿನ ಅತ್ತೆಯವರಿಗಾಗಿ ನೀವು ಕೇಳಬೇಕಾದದ್ದು: ಬ್ಲಾಕಿಗೆ ಕನಿಷ್ಠ ಎರಡು ಲಿಫ್ಟ್, ಕರೆಂಟ್ ಹೋದರೆ ಒಂದಕ್ಕಾದರೂ ಜನರೇಟರ್, ಮತ್ತು ಹಿರಿಯರಿಗೆ ನೆಲಮಹಡಿ ಕಾದಿರಿಸುವ ಮಾತು ಬರಹದಲ್ಲಿ. ತಿಂಗಳ ನಿರ್ವಹಣಾ ಶುಲ್ಕ ಬಾಡಿಗೆಯಲ್ಲೇ ಸೇರಿದೆಯೋ, ಬೇರೆಯೋ, ವರ್ಷಕ್ಕೆ ಎಷ್ಟರವರೆಗೆ ಏರಿಸಬಹುದು ಎಂಬುದಕ್ಕೆ ಉತ್ತರ ಬಂದ ಮೇಲೆ ಪೆನ್ನು ತೆಗೆಯಿರಿ.